‘ಕವಲು’ ಮುಗಿಸಿದೆವು, ಮನಸ್ಸು ಕೆಟ್ಟಿತು

ಮೊದಲೇ ಹೇಳಿಬಿಡುತ್ತೇವೆ, ನಾವು ಸಾಹಿತ್ಯ ವಿಮರ್ಶಕರಲ್ಲ. ಪತ್ರಿಕೋದ್ಯಮ ಓದಿಕೊಂಡು ಊರಿಗೆ ವಾಪಸು ಬಂದವರು. ನಮ್ಮಲ್ಲಿ ಇಬ್ಬರು ಗಬ್ಬೂರಿನಲ್ಲಿ, ಒಬ್ಬರು ದೇವದುರ್ಗದಲ್ಲಿ, ಒಬ್ಬರು ಮಾನ್ವಿಯಲ್ಲಿ, ಒಬ್ಬರು ರಾಯಚೂರಿನಲ್ಲಿ ಇದ್ದೇವೆ. ಹತ್ತಿ ರೇಟು, ಕಾಲುವೆ ನೀರು, ಬರದ ಬಸ್ಸು, ಬಾರದ ಕೂಲಿ ಬಗ್ಗೆ ಬರೆಯುವ ಇಲ್ಲಿ ಈ ಸಲ ಒಂದು ಕಾದಂಬರಿ ಬಗ್ಗೆ ಬರೆಯುತ್ತಿದ್ದೇವೆ. ಯಾಕೆಂದರೆ ಆ ಕಾದಂಬರಿ ನಮ್ಮೊಳಗೇ ಜಗಳ ಹಚ್ಚಿತು. ಜಗಳ ಎರಡು ತಿಂಗಳಾದರೂ ಮುಗಿದಿಲ್ಲ.

ಕಾದಂಬರಿ ಎಸ್.ಎಲ್. ಭೈರಪ್ಪನವರ ‘ಕವಲು’. ಬಂದದ್ದು 2010ರಲ್ಲಿ. ಆಗ ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿದ್ದೆವು. ಬಂದ ಸ್ವಲ್ಪ ದಿನದಲ್ಲೇ ಮೇಲಿಂದ ಮೇಲೆ ಮುದ್ರಣ ಕಂಡಿತು. ಪತ್ರಿಕೆಗಳಲ್ಲಿ ಪರ, ವಿರೋಧ ಎರಡೂ ಜೋರಾಗಿ ನಡೆಯಿತು. ನಮಗೆ ಅದೆಲ್ಲ ಗೊತ್ತಾದದ್ದು ಬಹಳ ತಡವಾಗಿ.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಆ ದಿನ ನಮ್ಮ ಮೊಬೈಲ್‌ಗಳ ಸ್ಟೇಟಸ್ ತುಂಬ ಅವರದೇ ಫೋಟೊ. ನಾವೂ ಹಾಕಿದೆವು. ಸಂಜೆ ಗಬ್ಬೂರಿನ ಚಹಾದ ಅಂಗಡಿಯಲ್ಲಿ ಕೂತಾಗ ನಮ್ಮಲ್ಲೊಬ್ಬರು ಕೇಳಿದರು: ‘ಎಲ್ಲಾರೂ ಹಾಕೀವಿ, ಎಷ್ಟು ಪುಸ್ತಕ ಓದೀವಿ?’ ಲೆಕ್ಕ ಹಾಕಿದರೆ ಐದು ಜನಕ್ಕೆ ಸೇರಿ ಎರಡೂವರೆ ಪುಸ್ತಕ. ಆ ಅರ್ಧ ಪುಸ್ತಕ ‘ಪರ್ವ’, ಅದನ್ನು ಅರ್ಧಕ್ಕೆ ಬಿಟ್ಟವರು ಯಾರು ಅಂತ ಹೇಳುವುದಿಲ್ಲ.

ನಾಚಿಕೆಯಾಗಿ ಓದಲು ಶುರು ಮಾಡಿದೆವು. ಅಮಾವಾಸ್ಯೆ ದಿನ ನಮ್ಮ ಕಡೆ ಎತ್ತು ಕಟ್ಟುವುದಿಲ್ಲ, ಹೊಲದ ಕೆಲಸಕ್ಕೆ ರಜೆ. ಆ ದಿನ ಗಬ್ಬೂರಿನಲ್ಲಿ ನಮ್ಮವರೊಬ್ಬರ ಮನೆಯ ಕಟ್ಟೆ ಮೇಲೆ ಸೇರುವುದು, ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ನಡುವಿನ ದಿನಗಳಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಗುವುದು. ಹೀಗೆ ಮೊದಲು ‘ಗೃಹಭಂಗ’ ಓದಿದೆವು. ಆಮೇಲೆ ‘ಕವಲು’.

ಕೇಳಲು ಬರುವವರಲ್ಲಿ ನಮ್ಮವರ ದೊಡ್ಡಮ್ಮ ಒಬ್ಬರು. ಅವರಿಗೆ ಓದು ಬರುವುದಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿರುತ್ತಾರೆ. ಕೇಳುತ್ತಿಲ್ಲ ಅಂದುಕೊಂಡು ಎರಡು ಸಾಲು ಹಾರಿಸಿದರೆ ‘ನಡುವ ಏನೋ ಬಿಟ್ಟೆಲ್ಲೋ’ ಎನ್ನುತ್ತಾರೆ.

‘ಕವಲು’ ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಜಯಕುಮಾರ ಬೆಂಗಳೂರಿನ ಉದ್ಯಮಿ. ಹೆಂಡತಿ ಅಪಘಾತದಲ್ಲಿ ಸಾಯುತ್ತಾಳೆ, ಅದೇ ಅಪಘಾತದಿಂದ ಮಗಳ ಬುದ್ಧಿ ಬೆಳವಣಿಗೆಗೆ ಪೆಟ್ಟಾಗುತ್ತದೆ. ಅವನ ಕಚೇರಿಯಲ್ಲಿ ಕೆಲಸ ಮಾಡುವ ಮಂಗಳೆ ಎಂಬ ಹುಡುಗಿಯ ಜೊತೆ ಸಂಬಂಧ ಬೆಳೆಯುತ್ತದೆ, ಅವಳು ಬಸುರಿಯಾಗುತ್ತಾಳೆ, ಮದುವೆ ಮಾಡಿಕೊಳ್ಳಲೇಬೇಕಾಗುತ್ತದೆ. ಆಮೇಲೆ ಅವಳು ಕಾನೂನನ್ನು ಹಿಡಿದು ಗಂಡನನ್ನು ಕಟ್ಟಿಹಾಕುತ್ತಾಳೆ. ಇನ್ನೊಂದು ಕಡೆ ಇಳಾ ಎಂಬ ಇಂಗ್ಲಿಷ್ ಉಪನ್ಯಾಸಕಿ. ವೇದಿಕೆ ಮೇಲೆ ಸ್ತ್ರೀ ಸ್ವಾತಂತ್ರ್ಯದ ಮಾತು, ಮನೆಯಲ್ಲಿ ಗಂಡನಿಂದ ದೂರ, ಅಧಿಕಾರದಲ್ಲಿರುವವರ ಹತ್ತಿರ. ಇವರ ಸುತ್ತ ಕಥೆ.

ಓದುತ್ತಾ ಹೋದಂತೆ ನಮಗೆ ಯಾರೂ ಹಿಡಿಸಲಿಲ್ಲ. ಮಂಗಳೆ ಹಿಡಿಸಲಿಲ್ಲ, ಇಳಾ ಹಿಡಿಸಲಿಲ್ಲ. ಜಯಕುಮಾರ ಮೊದಮೊದಲು ಪಾಪ ಅನಿಸಿದ, ಆಮೇಲೆ ಅವನೂ ಹಿಡಿಸಲಿಲ್ಲ. ತನ್ನ ಕೈಕೆಳಗೆ ಸಂಬಳಕ್ಕಿರುವ ಹುಡುಗಿಯ ಜೊತೆ ಮಲಗುವವನು, ಮದುವೆ ಮಾತು ಬಂದಾಗ ತಾನೇ ಮೋಸಹೋದವನು ಎಂಬಂತೆ ನಡೆದುಕೊಳ್ಳುತ್ತಾನೆ. ಆ ಮಾತನ್ನು ಕಾದಂಬರಿ ಬೇಗ ಬೇಗ ದಾಟಿ ಹೋಗುತ್ತದೆ ಅಂತ ನಮಗನಿಸಿತು.

ಕೊನೆಯ ಪುಟ ಮುಗಿದಾಗ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ಗೃಹಭಂಗ’ ಮುಗಿದಾಗಲೂ ಹಾಗೇ ಆಗಿತ್ತು, ಆದರೆ ಆ ಸುಮ್ಮನಿರುವುದು ಬೇರೆ. ಅಂದು ಗಂಟಲು ಕಟ್ಟಿತ್ತು. ಇಂದು ಬರೀ ಬೇಜಾರು.

ನಮ್ಮಲ್ಲೊಬ್ಬರು ಕಾರಣ ಹೇಳಿದರು: ‘ಇದರಾಗ ಒಬ್ಬರೂ ಚೊಲೋ ಮಂದಿ ಇಲ್ಲ, ಅದಕ್ಕ ಹಿಂಗಾತು.’ ಎಲ್ಲರೂ ತಲೆ ಆಡಿಸಿದೆವು. ಇಲ್ಲೇ ತಪ್ಪಿದ್ದು ನಾವು. ದೊಡ್ಡಮ್ಮ ಅದನ್ನು ಒಪ್ಪಲಿಲ್ಲ.

‘ಅಲ್ಲೋ, ಆ ಗಂಗಮ್ಮ ಚೊಲೋ ಹೆಂಗಸೇನು?’

ಗಂಗಮ್ಮ ‘ಗೃಹಭಂಗ’ದ ಅತ್ತೆ. 1970ರಲ್ಲಿ ಬಂದ ಆ ಕಾದಂಬರಿ ಓದದವರು ಟೀವಿಯಲ್ಲಿ ಗಿರೀಶ ಕಾಸರವಳ್ಳಿಯವರ ಧಾರಾವಾಹಿಯನ್ನಾದರೂ ನೋಡಿರಬಹುದು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳಕೊಂಡು, ತಲೆ ಬೋಳಿಸಿಕೊಂಡು, ಎರಡು ಗಂಡುಮಕ್ಕಳನ್ನು ಸಾಕಿದವಳು. ಬಾಯಿ ತೆರೆದರೆ ಬೈಗುಳ. ಹೆತ್ತ ಮಕ್ಕಳಿಗೂ ಅದೇ, ಸೊಸೆಗೂ ಅದೇ, ಊರವರಿಗೂ ಅದೇ. ಅವಳ ಹಟದಿಂದ, ಮೂರ್ಖತನದಿಂದ ಹೊಲ ಹೋಗುತ್ತದೆ, ಮನೆ ಹೋಗುತ್ತದೆ. ಹಿರಿಮಗ ಚೆನ್ನಿಗರಾಯ ಅವಳಿಗಿಂತ ಒಂದು ಕೈ ಮೇಲು. ಶಾನುಭೋಗಿಕೆ ಅವನದು, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮಕ್ಕಳಿಗೆ ಉಳಿಯಿತೋ ಇಲ್ಲವೋ ನೋಡದೆ ತಿನ್ನುವವನು. ಪ್ಲೇಗು ಬಂದು ಮಕ್ಕಳು ಸತ್ತರೂ ಅವನ ಹೊಟ್ಟೆಗೆ ಸಂಕಟವಾಗುವುದಿಲ್ಲ.

ಅವರಿಬ್ಬರನ್ನು ದೊಡ್ಡಮ್ಮ ಎಷ್ಟು ಬೈದರು ಅಂದರೆ, ಆ ತಿಂಗಳು ಮನೆಯಲ್ಲಿ ಯಾರಾದರೂ ಜಾಸ್ತಿ ಅನ್ನ ಬಡಿಸಿಕೊಂಡರೆ ‘ಬಂದ ನೋಡು ಚೆನ್ನಿಗರಾಯ’ ಅನ್ನುವುದು ರೂಢಿಯಾಯಿತು. ಆದರೆ ಓದು ನಿಲ್ಲಿಸಿದರೆ ಬಿಡುತ್ತಿರಲಿಲ್ಲ. ‘ಆ ಮುದುಕಿ ಮುಂದೇನು ಮಾಡಿದಳು ಓದು’ ಎನ್ನುತ್ತಿದ್ದರು. ಒಂದು ಸಲ, ಮೆಣಸಿನಕಾಯಿ ಬುಟ್ಟಿ ಬದಿಗಿಟ್ಟು, ‘ಆಕಿಗೂ ಯಾರು ಅದಾರ, ಪಾಪ’ ಅಂದರು. ಗಂಗಮ್ಮನಿಗೆ! ನಮಗೆ ಆಶ್ಚರ್ಯವಾಯಿತು. ಆಮೇಲೆ ಯೋಚಿಸಿದರೆ ನಿಜ. ಇಪ್ಪತ್ತೋ ಮೂವತ್ತೋ ವಯಸ್ಸಿಗೆ ಗಂಡ ಹೋಗಿ, ತಲೆ ಬೋಳಿಸಿ ಮೂಲೆಗೆ ಕೂರಿಸಿದ ಊರಲ್ಲಿ, ಬೈಗುಳ ಒಂದೇ ಅವಳ ಕೈಯಲ್ಲಿ ಉಳಿದ ಅಧಿಕಾರ. ಹೀಗೆಂದು ಕಾದಂಬರಿ ಎಲ್ಲೂ ವಿವರಿಸಿ ಹೇಳಿದ್ದು ನಮಗೆ ನೆನಪಿಲ್ಲ. ಅವಳನ್ನು ಕ್ಷಮಿಸಿ ಅಂತಲೂ ಕೇಳುವುದಿಲ್ಲ. ಆದರೆ ಅವಳು ನಮ್ಮ ಓಣಿಯಲ್ಲಿ ಇದ್ದಾಳೆ ಅನ್ನುವಷ್ಟು ಹತ್ತಿರದಿಂದ ತೋರಿಸುತ್ತದೆ. ಕೆಟ್ಟವಳು ಹೌದು, ಆದರೆ ಮನುಷ್ಯಳು.

ಹಾಗಾದರೆ ‘ಕವಲು’ ಬೇಸರ ತರಿಸಿದ್ದು ಅದರಲ್ಲಿ ಕೆಟ್ಟವರಿದ್ದಾರೆ ಅಂತಲ್ಲ. ಹೌದೆಂದರೆ ಗಂಗಮ್ಮನೂ ಬೇಸರ ತರಿಸಬೇಕಿತ್ತು.

ನಮ್ಮ ಕಡೆ ದೊಡ್ಡಾಟ, ಬಯಲಾಟ, ಸಾಮಾಜಿಕ ನಾಟಕ ಆಡಿದವರಿಗೆ ಇದು ಹೊಸದಲ್ಲ. ನಾಟಕದ ಪಾತ್ರ ಹಂಚುವ ದಿನ ಜಗಳ ಯಾವ ಪಾತ್ರಕ್ಕೆ ಬೀಳುತ್ತದೆ? ಧರ್ಮರಾಯನಿಗಲ್ಲ. ದುರ್ಯೋಧನ, ಕೀಚಕ, ಇಲ್ಲವೇ ಮೀಸೆ ಗೌಡ. ಮೀಸೆ ಗೌಡನ ಪಾತ್ರಕ್ಕೆ ಕೈಯಿಂದ ಜಾಸ್ತಿ ಪಟ್ಟಿ ಕೊಟ್ಟವರನ್ನು ನಾವು ನೋಡಿದ್ದೇವೆ. ಸಿನಿಮಾದಲ್ಲಿ ವಜ್ರಮುನಿ ಬಂದರೆ ಟೆಂಟಿನಲ್ಲಿ ಶಿಳ್ಳೆ ಬೀಳುತ್ತಿತ್ತು ಅಂತ ನಮ್ಮಪ್ಪಂದಿರು ಹೇಳುತ್ತಾರೆ. ದೊಡ್ಡಾಟದಲ್ಲಿ ರಾಕ್ಷಸ ಸುಮ್ಮನೆ ಬಂದು ಹೊಡೆಸಿಕೊಂಡು ಹೋಗುವುದಿಲ್ಲ. ತೆರೆಯ ಹಿಂದಿನಿಂದ ಕೂಗು ಹಾಕಿ, ಕುಣಿದು ಬಂದು, ತಾನು ಯಾರು, ಯಾವ ದೇಶದವನು, ಯಾಕೆ ಬಂದೆ ಅಂತ ಹೇಳಿಕೊಳ್ಳಲು ಅವನಿಗೆ ಪೂರ್ತಿ ಅವಕಾಶವಿದೆ. ಸಾರಥಿ ಕೇಳುತ್ತಾನೆ, ಅವನು ಹೇಳುತ್ತಾನೆ. ಬೆಳಗಿನ ಜಾವಕ್ಕೆ ಅವನು ಸಾಯುವುದು ಎಲ್ಲರಿಗೂ ಗೊತ್ತು. ಆದರೂ ಹೇಳಿಕೊಳ್ಳದೆ ಸಾಯಿಸುವುದಿಲ್ಲ.

ಇದು ಇವತ್ತಿನದೂ ಅಲ್ಲ. ನಮ್ಮ ಗಬ್ಬೂರಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಿವೆ, ಮಳೆ ಶಂಕರನ ಗುಡಿ ಕಡೆ ಹೋದವರು ಅಲ್ಲಿನ ಕಲ್ಲು ನೋಡಿದ್ದೀರಿ. ಅದೇ ಚಾಲುಕ್ಯರ ಆಸ್ಥಾನದಲ್ಲಿದ್ದವನು ರನ್ನ. ಸಾವಿರ ವರ್ಷದ ಹಿಂದೆ ಅವನು ಬರೆದ ‘ಗದಾಯುದ್ಧ’ದಲ್ಲಿ ನಾಯಕ ಭೀಮ, ಸೋಲುವವನು ದುರ್ಯೋಧನ. ಆದರೆ ಆ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾ ಕರ್ಣನಿಗಾಗಿ, ದುಶ್ಶಾಸನನಿಗಾಗಿ ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನೂ ಹೊಗಳಿ ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ರನ್ನ ಅವನನ್ನು ಒಳ್ಳೆಯವನನ್ನಾಗಿ ಮಾಡಿಲ್ಲ. ಅವನ ಎದೆಯ ಮಾತನ್ನು ಕೇಳಿಸಿಕೊಂಡಿದ್ದಾನೆ, ಅಷ್ಟೆ.

ಮಂಗಳೆಗೆ ಇದು ಸಿಗಲಿಲ್ಲ. ಅವಳು ಮಾತಾಡುತ್ತಾಳೆ, ಬೇಕಾದಷ್ಟು ಮಾತಾಡುತ್ತಾಳೆ. ಆದರೆ ಅವಳು ಬಾಯಿ ತೆರೆದಾಗಲೂ, ಮನಸ್ಸಿನಲ್ಲೇ ಯೋಚಿಸಿದಾಗಲೂ ನಮಗೆ ಕೇಳಿದ್ದು ಒಂದು ಚರ್ಚಾಸ್ಪರ್ಧೆಯ ಭಾಷಣ. ಅದೂ ಎದುರು ಪಕ್ಷದವರು ಬರೆದುಕೊಟ್ಟ ಭಾಷಣ. ಸೋಲಬೇಕು ಅಂತಲೇ ಬರೆದದ್ದು. ಇಳಾಳದೂ ಅದೇ ಕಥೆ. ಇಂಥ ಹೆಂಗಸರು ಇರುವುದೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಇದ್ದಾರೆ. ಆದರೆ ಇರುವವರು ಹೀಗೆ ಮಾತಾಡುವುದಿಲ್ಲ.

ದೊಡ್ಡಮ್ಮ ಇದನ್ನೇ ಒಂದು ಪ್ರಶ್ನೆಯಲ್ಲಿ ಕೇಳಿದರು. ಪುಸ್ತಕ ಅರ್ಧ ದಾಟಿತ್ತು. ‘ಅಲ್ಲೋ, ಈ ಮಂಗಳಿ ಏನ್ ತಿಂತಾಳ?’

ನಕ್ಕೆವು. ಅವರು ನಗಲಿಲ್ಲ. ‘ಚೆನ್ನಿಗರಾಯ ಏನ್ ತಿಂತಾನ ಗೊತ್ತೈತಿ. ನಂಜಮ್ಮ ಉಪಾಸ ಯಾವಾಗ ಬಿದ್ದಳು ಗೊತ್ತೈತಿ. ಆಕಿ ಮುತ್ತುಗದ ಎಲಿ ಹಚ್ಚಿ ರೊಕ್ಕ ಮಾಡಿದ್ದು ಗೊತ್ತೈತಿ. ಈಕಿ ಬರೇ ಮಾತಾಡ್ತಾಳ. ಹಸಿವಿ ಆಗಂಗಿಲ್ಲೇನು ಈಕಿಗೆ?’

ಪುಟ ಹಿಂದೆ ತಿರುವಿ ನೆನಪು ಮಾಡಿಕೊಳ್ಳಲು ನೋಡಿದೆವು. ನಮ್ಮ ಐವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಒಂದು ಹೊತ್ತಿನ ಊಟದ ವಿಷಯ ಎಲ್ಲೋ ಇದ್ದಿರಲೂಬಹುದು. ಓದಿದವರ ಮನಸ್ಸಿನಲ್ಲಿ ಮಾತ್ರ ಉಳಿದಿರಲಿಲ್ಲ.

ನಮಗೆ ಇನ್ನೂ ಬೇಜಾರಾಗುವುದು ಇದನ್ನು ಬರೆದವರು ಯಾರೋ ಸಾಧಾರಣ ಲೇಖಕರಲ್ಲ ಎಂಬುದಕ್ಕೆ. ನಂಜಮ್ಮನನ್ನು ಬರೆದ ಕೈ ಇದು. ‘ವಂಶವೃಕ್ಷ’ದಲ್ಲಿ ಮರುಮದುವೆಯಾದ ವಿಧವೆ ಕಾತ್ಯಾಯನಿಯ ನೋವು ಬರೆದ ಕೈ. ‘ಪರ್ವ’ದಲ್ಲಿ ಕುಂತಿ, ದ್ರೌಪದಿಯರನ್ನು ದೇವರ ಪಟದಿಂದ ಇಳಿಸಿ ಹೆಂಗಸರನ್ನಾಗಿ ಮಾಡಿದ ಕೈ. ಭೈರಪ್ಪನವರು ‘ಭಿತ್ತಿ’ಯಲ್ಲಿ ತಮ್ಮ ಬಾಲ್ಯ ಬರೆದುಕೊಂಡಿದ್ದಾರೆ. ಬಡತನ, ಪ್ಲೇಗು, ತಾಯಿಯ ಸಾವು ಎಲ್ಲವೂ ಅವರದೇ ಅನುಭವ. ‘ಗೃಹಭಂಗ’ದ ಮನೆಯಲ್ಲಿ ಅವರು ಬೆಳೆದಿದ್ದರು ಅಂತಲೇ ಹೇಳಬಹುದು. ಮಂಗಳೆಯ ಮನೆಗೆ ಅವರು ಹೋಗಿದ್ದರೋ ಇಲ್ಲವೋ, ಅವಳ ಮೇಲಿನ ಆರೋಪಪಟ್ಟಿಯನ್ನಂತೂ ಚೆನ್ನಾಗಿ ಓದಿಕೊಂಡಿದ್ದರು ಅನಿಸುತ್ತದೆ. ದೊಡ್ಡ ಲೇಖಕರ ಬಗ್ಗೆ ಹೀಗೆ ಬರೆಯಲು ಸ್ವಲ್ಪ ಹೆದರಿಕೆಯೂ ಇದೆ. ಆದರೆ ದುಡ್ಡು ಕೊಟ್ಟು ತಂದು, ಎರಡು ಅಮಾವಾಸ್ಯೆ ಕೂತು ಓದಿದ್ದೇವೆ. ಅಷ್ಟು ಹಕ್ಕು ಇದೆ ಅಂದುಕೊಂಡಿದ್ದೇವೆ.

ಈಗ ನಮ್ಮ ಜಗಳದ ವಿಷಯ.

ನಮ್ಮ ಐವರಲ್ಲಿ ಒಬ್ಬನಿಗೆ ‘ಕವಲು’ ಹಿಡಿಸಿತು. ಅವನ ಮಾತನ್ನು ಇಲ್ಲಿ ಪೂರ್ತಿ ಹೇಳದಿದ್ದರೆ, ಮಂಗಳೆಗೆ ಆಗಿದೆ ಅಂತ ನಾವು ದೂರುವುದನ್ನೇ ಅವನಿಗೆ ಮಾಡಿದಂತಾಗುತ್ತದೆ. ಅವನ ಅಣ್ಣನ ಮೇಲೆ ಹೆಂಡತಿ ಕಡೆಯವರು ವರದಕ್ಷಿಣೆ ಕೇಸು ಹಾಕಿದ್ದರು. ವಯಸ್ಸಾದ ತಾಯಿಯ ಹೆಸರೂ ಸೇರಿತ್ತು. ಮುದುಕಿ ವರ್ಷಗಟ್ಟಲೆ ಬಸ್ಸು ಹತ್ತಿ ಕೋರ್ಟಿಗೆ ಅಲೆದರು, ವಕೀಲರ ಫೀಸಿಗೆ ಎರಡು ಎಕರೆ ಒತ್ತೆ ಬಿತ್ತು. ಕೊನೆಗೆ ರಾಜಿಯಾಯಿತು. ‘ನಮ್ಮವ್ವ ಅಲೆದಿದ್ದನ್ನ ಯಾರೂ ಬರೀಲಿಲ್ಲ. ಇವರು ಬರದಾರ. ನಿಮಗ ಭಾಷಣ ಅನಸ್ತದ, ನನಗ ನಮ್ಮನಿ ಕಥಿ ಅನಸ್ತದ’ ಅಂದ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೊಡುವಂಥದ್ದೂ ಇರಲಿಲ್ಲ.

ಕಾನೂನಿನ ಮಾತು ಬಂದದ್ದಕ್ಕೆ ಸ್ವಲ್ಪ ವಿವರ. ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ ವಿರುದ್ಧದ 498ಎ ಕಲಂ ಬಂದದ್ದು 1983ರಲ್ಲಿ. ಮೂರು ವರ್ಷದ ತನಕ ಜೈಲು. ದೂರು ಬಂದ ಕೂಡಲೇ ಕಣ್ಣುಮುಚ್ಚಿ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ, ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಪೊಲೀಸರಿಗೆ ಹೇಳಿತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದೇ ವಿಷಯ 85ನೇ ಕಲಂ ಆಗಿದೆ. ಅಂದರೆ ‘ಕವಲು’ ಬರೆದಾಗಿನ ಪರಿಸ್ಥಿತಿಗೂ ಇಂದಿಗೂ ವ್ಯತ್ಯಾಸವಿದೆ. ಇನ್ನೊಂದು ಲೆಕ್ಕವೂ ಇದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಅವರಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರು ಎಷ್ಟು ಜನ ಅಂತ ನಿಮ್ಮ ಓಣಿಯನ್ನೇ ನೆನೆಸಿಕೊಂಡರೆ ಗೊತ್ತಾಗುತ್ತದೆ.

ನಮ್ಮ ಗೆಳೆಯನಿಗೆ ಈ ಲೆಕ್ಕ ಹೇಳಿದಾಗ ಅವನಿಗೆ ಸಿಟ್ಟೇ ಬಂತು. ‘ನಮ್ಮವ್ವನ ಕಥಿ ಹೇಳಿದ್ರ ನೀವು ನೂರಕ್ಕ 44 ಅಂತೀರಿ’ ಅಂದ. ಅವನ ಮಾತು ಸರಿ. ಲೆಕ್ಕದಿಂದ ಯಾರ ನೋವೂ ಅಳಿಯುವುದಿಲ್ಲ.

ಆದರೆ ಒಂದು ವಾರ ಬಿಟ್ಟು ಅವನೇ ಫೋನ್ ಮಾಡಿದ. ‘ಒಂದು ಮಾತು. ಜಯಕುಮಾರ ನಮ್ಮಣ್ಣನಂಗ ಇಲ್ಲ’ ಅಂದ. ಅಣ್ಣ ಕೈ ಮಾಡಿದ್ದು ನಿಜವಂತೆ. ಎರಡು ಸಲ. ಕುಡಿದಾಗ. ವರದಕ್ಷಿಣೆ ಕೇಳಿದ್ದು ಸುಳ್ಳು, ಹೊಡೆದದ್ದು ನಿಜ. ಅತ್ತಿಗೆ ಹೋಗುವ ದಿನ ಹಿತ್ತಲಲ್ಲಿ ತಾನು ನೆಟ್ಟಿದ್ದ ಕರಿಬೇವಿನ ಗಿಡಕ್ಕೆ ನೀರು ಹಾಕಿ ಹೋದಳಂತೆ. ಅವನಿಗೆ ಅದು ಇಷ್ಟು ವರ್ಷ ನೆನಪೇ ಇರಲಿಲ್ಲ. ‘ಕೇಸು ನೆನಪಿತ್ತು, ಗಿಡ ನೆನಪಿದ್ದಿಲ್ಲ’ ಅಂದ. ಕಾದಂಬರಿ ಅವನ ತಾಯಿಯ ಕಷ್ಟವನ್ನು ಹೇಳಿತು. ಆದರೆ ಅವನ ಮನೆಯ ಕಥೆ ಅದಕ್ಕಿಂತ ಗೋಜಲು, ಅಷ್ಟು ಗೋಜಲಿಗೆ ಪುಸ್ತಕದಲ್ಲಿ ಜಾಗ ಇರಲಿಲ್ಲ. ಈಗಲೂ ಅವನು ಪುಸ್ತಕ ಕೆಟ್ಟದು ಅಂತ ಒಪ್ಪುವುದಿಲ್ಲ. ‘ಅರ್ಧ ಖರೆ ಹೇಳ್ಯಾರ, ಅರ್ಧನಾದರೂ ಹೇಳ್ಯಾರ’ ಎನ್ನುತ್ತಾನೆ.

ಇದು ಕಾದಂಬರಿಯ ಮಾತು, ನಮಗೇಕೆ ಅಂತ ನೀವು ಕೇಳಬಹುದು. ನಮಗೆ ಬೇಕು. ಯಾಕೆಂದರೆ ಪುಸ್ತಕದ ಪಾತ್ರ ಪುಸ್ತಕದಲ್ಲೇ ಉಳಿಯುವುದಿಲ್ಲ. ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಗಂಡನ ಹೊಡೆತ ತಾಳಲಾರದೆ ದೂರು ಕೊಡಲು ಹೊರಟಾಗ, ಹಿರಿಯರು ಕೂಡಿ ಪಂಚಾಯಿತಿ ಮಾಡಿದರು. ನಮ್ಮಲ್ಲೊಬ್ಬರು ಅಲ್ಲಿದ್ದರು. ಅಲ್ಲೊಬ್ಬ ಓದಿದ ಮನುಷ್ಯ, ‘ಕಾನೂನು ಕಲಿತ ಹೆಂಗಸರು ಹೆಂಗ ಮನಿ ಮುರೀತಾರ ಅಂತ ಕಾದಂಬರಿನೇ ಬಂದೈತಿ’ ಅಂದ. ಅವಳಿಗೆ ಕಾನೂನೂ ಗೊತ್ತಿರಲಿಲ್ಲ, ಕಾದಂಬರಿಯೂ ಗೊತ್ತಿರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಬಲಗೈ ಎತ್ತಲು ಆಗುತ್ತಿರಲಿಲ್ಲ. ದೂರು ಅವತ್ತು ಆಗಲಿಲ್ಲ. ಇದಕ್ಕೆ ಭೈರಪ್ಪನವರನ್ನು ಹೊಣೆ ಮಾಡುವುದು ಅನ್ಯಾಯ, ಆ ಮನುಷ್ಯನಿಗೆ ಕಾದಂಬರಿ ಇಲ್ಲದಿದ್ದರೆ ಗಾದೆ ಸಿಗುತ್ತಿತ್ತು. ಆದರೂ ನಂಜಮ್ಮನ ಕಥೆ ಹೇಳಿ ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಲು ಆಗುವುದಿಲ್ಲ, ಗಂಗಮ್ಮನ ಕಥೆ ಹೇಳಿಯೂ ಆಗುವುದಿಲ್ಲ. ಮಂಗಳೆಯ ಕಥೆ ಹೇಳಿ ಆಯಿತು.

ಇಲ್ಲಿಗೆ ಬಂದಾಗ ನಮ್ಮದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಈ ಲೇಖನ ಬರೆಯುವ ಮುಖ ನಮಗಿಲ್ಲ.

ಕೆಲವು ವರ್ಷದ ಹಿಂದೆ ನಮ್ಮಲ್ಲೊಬ್ಬರು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸಿದ್ದರು. ಇಬ್ಬರು ಮಕ್ಕಳನ್ನು ಬಿಟ್ಟು ಹೋದ ತಾಯಿಯ ಸುದ್ದಿ. ಹೆಸರು ಹಾಕಿರಲಿಲ್ಲ, ಊರು ಹಾಕಿದ್ದೆವು, ಅಷ್ಟು ಸಾಕಲ್ಲ. ನಾವು ಉಳಿದವರು ಅದನ್ನು ತಿದ್ದಿ ಕೊಟ್ಟೆವು, ‘ಕಲ್ಲು ಮನಸ್ಸಿನ ತಾಯಿ’ ಅಂತ ತಲೆಬರಹ ನಮ್ಮದೇ. ಅಜ್ಜಿಯ ಮಾತು ತಗೊಂಡೆವು, ಪಕ್ಕದ ಮನೆಯವರ ಮಾತು ತಗೊಂಡೆವು, ಮಕ್ಕಳ ಫೋಟೊ ತಗೊಂಡೆವು. ಸುದ್ದಿ ಚೆನ್ನಾಗಿ ಬಂದಿದೆ ಅಂತ ಹೊಗಳಿಸಿಕೊಂಡೆವು ಕೂಡ.

ಮೂರನೇ ದಿನ ಆ ಹೆಂಗಸು ಫೋನ್ ಮಾಡಿದಳು. ನಂಬರ್ ಹೇಗೆ ಸಿಕ್ಕಿತೋ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ. ‘ತಿಂಗಳಾ ಮಕ್ಕಳಿಗೆ ರೊಕ್ಕ ಹಾಕ್ತೀನ್ರಿ, ಯಾರ ಖಾತಿಗೆ ಹಾಕ್ತೀನಿ ಕೇಳಬೇಕಿತ್ತಲ್ರಿ’ ಅಂದಳು. ಅಷ್ಟೇ. ಹಣ ಅಜ್ಜಿಯ ಖಾತೆಗೇ ಬರುತ್ತಿತ್ತು. ಅಜ್ಜಿ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ತಿದ್ದುಪಡಿ ಕಳಿಸಿದೆವು. ಅದು ಬಂದದ್ದು ಒಳಪುಟದಲ್ಲಿ ಮೂರು ಸಾಲು.

‘ಕವಲು’ ಮುಗಿಸಿದ ರಾತ್ರಿ ಆ ಸುದ್ದಿ ಬರೆದವರೇ ಇದನ್ನು ನೆನಪು ಮಾಡಿದರು. ನಾವು ಆ ಹೆಂಗಸು ಏನು ತಿನ್ನುತ್ತಾಳೆ ಅಂತ ಕೇಳಿರಲಿಲ್ಲ, ಎಲ್ಲಿ ಮಲಗುತ್ತಾಳೆ ಅಂತ ಕೇಳಿರಲಿಲ್ಲ. ನಮಗೆ ಬೇಕಾದ ಪಾತ್ರ ಮೊದಲೇ ಸಿಕ್ಕಿತ್ತು. ಐದಾರುನೂರು ಪದದ ಸುದ್ದಿಯಲ್ಲಿ ನಾವು ಮಾಡಿದ್ದನ್ನು ದೊಡ್ಡ ಲೇಖಕರೊಬ್ಬರು ದೊಡ್ಡ ಕಾದಂಬರಿಯಲ್ಲಿ ಮಾಡಿದ್ದಾರೆ ಅಂತ ನಾವು ಸಿಟ್ಟಾಗುತ್ತಿದ್ದೆವು. ಸಿಟ್ಟಿನಲ್ಲಿ ಸ್ವಲ್ಪ ಪಾಲು ನಮ್ಮ ಮೇಲೂ ಇತ್ತು.

ಹಾಗಾದರೆ ‘ಕವಲು’ ಓದಬೇಡಿ ಅನ್ನುತ್ತೀರಾ ಅಂತ ಮಾನ್ವಿಯ ಒಬ್ಬ ಓದುಗರು ಆಗಲೇ ಕೇಳಿದ್ದಾರೆ. ಇಲ್ಲ. ಓದಿ. ಆದರೆ ಅದೊಂದನ್ನೇ ಓದಿ ಭೈರಪ್ಪ ಅಂದರೆ ಇಷ್ಟೇ ಅಂದುಕೊಳ್ಳಬೇಡಿ, ಅದೊಂದನ್ನೇ ಓದಿ ಹೆಂಗಸರು ಅಂದರೆ ಇಷ್ಟೇ ಅಂತಲೂ ಅಂದುಕೊಳ್ಳಬೇಡಿ. ‘ಗೃಹಭಂಗ’ ಮೊದಲು ಓದಿ, ಅದರ ಬೆನ್ನಿಗೇ ‘ಕವಲು’ ಓದಿ. ಒಬ್ಬರೇ ಬರೆದ ಎರಡು ಪುಸ್ತಕ, ನಡುವೆ ನಲವತ್ತು ವರ್ಷ. ಒಂದರಲ್ಲಿ ಕೆಟ್ಟ ಮುದುಕಿಗೂ ಅಯ್ಯೋ ಅನಿಸುತ್ತದೆ, ಇನ್ನೊಂದರಲ್ಲಿ ಬಸುರಿ ಹೆಂಗಸಿಗೂ ಅನಿಸುವುದಿಲ್ಲ. ಯಾಕೆ ಅಂತ ನೀವೇ ಹುಡುಕಿ. ನಮಗಿಂತ ಬೇರೆ ಉತ್ತರ ಸಿಕ್ಕರೆ ಬರೆದು ಕಳಿಸಿ, ನಮ್ಮ ಗೆಳೆಯನ ಕಡೆಯವರಾದರೂ ಪರವಾಗಿಲ್ಲ, ಅವನು ಒಬ್ಬನೇ ಆಗಿದ್ದಾನೆ.

ಮುಂದಿನ ಓದಿಗೆ ಹತ್ತಿರದವರನ್ನೇ ಆರಿಸಿದ್ದೇವೆ. ಮಾನ್ವಿ ಸೀಮೆಯ ನುಗಡೋಣಿಯ ಅಮರೇಶ ನುಗಡೋಣಿಯವರ ಕಥೆ ‘ಸವಾರಿ’. ಇದನ್ನೇ ಇಟ್ಟುಕೊಂಡು ಕಾಸರವಳ್ಳಿಯವರು ‘ಕನಸೆಂಬೋ ಕುದುರೆಯನೇರಿ’ ಸಿನಿಮಾ ಮಾಡಿದ್ದು, ಕುಣಿ ತೋಡುವವನ ಪಾತ್ರ ಮಾಡಿದ್ದು ಬಿರಾದಾರ. ಅದರಲ್ಲೂ ಗೌಡರ ಮನೆಯವರು ಇದ್ದಾರೆ, ಹಿರಿಯ ಗೌಡ ಸತ್ತದ್ದನ್ನೇ ಮುಚ್ಚಿಡುವವರು. ಅಂಥವರು ಕಥೆಯಲ್ಲಿ ಹೇಗಿದ್ದಾರೆ ಅಂತ ನೋಡುವ ಆಸೆ.

ಬರುವ ಅಮಾವಾಸ್ಯೆ, ಸಂಜೆ ಐದಕ್ಕೆ, ಅದೇ ಕಟ್ಟೆ. ಸಿನಿಮಾ ನೋಡಿದವರು ಕೊನೆ ಹೇಳಬಾರದು ಅಂತ ದೊಡ್ಡಮ್ಮ ಈಗಲೇ ಎಚ್ಚರಿಕೆ ಕೊಟ್ಟಿದ್ದಾರೆ. ಮೆಣಸಿನಕಾಯಿ ಮುಗಿದಿದೆ, ಈ ಸಲ ಶೇಂಗಾ ಸುಲಿಯುವುದಿದೆಯಂತೆ, ಬರುವವರಿಗೂ ಒಂದೊಂದು ಬೊಗಸೆ ಪಾಲಿಗೆ ಬೀಳುತ್ತದೆ.